ಒಳಮೈ

ನನ್ನ ಗಂಡ ಜುಂಬೇರ್ ವಾಕ್ಯ ಮುಗಿಸುವುದಿಲ್ಲ.
"ಅದು ಹೀಗೆ..." ಎನ್ನುತ್ತಾನೆ, ಉಳಿದದ್ದನ್ನು ಕೈ ಹೇಳುತ್ತದೆ:
ಗಾಳಿಯಲ್ಲೊಂದು ಹೊಟ್ಟೆ, ಒಂದು ಕೊರಳು.
ನಾನು ಮೂವತ್ತೊಂದು ವರ್ಷ ರೇಖಾಗಣಿತ ಕಲಿಸಿದವಳು.
"ಹೀಗೆ ಅಂದರೆ ಹೇಗೆ?" ಎಂದು ಕೇಳದೆ
ಒಂದು ಲೋಟ ನೀರನ್ನೂ ಕುಡಿದವಳಲ್ಲ.

ಶ್ರೋಷದ ಹೆದ್ದಾರಿ ಬದಿ, ನಮ್ಮ ಶೆಡ್ಡಿನಲ್ಲಿ
ಏಳು ಗುಡಾಣಗಳು ಒಟ್ಟಿಗೇ ಬೆಳೆಯುತ್ತವೆ.
ಇಮೆರೆತಿಯ ದ್ರಾಕ್ಷಿರಸ ನೆಲದೊಳಗೆ ಹೂತ
ಇಂಥ ಹೊಟ್ಟೆಗಳಲ್ಲೇ ಹಣ್ಣಾಗಬೇಕು.
ದಿನಕ್ಕೊಂದು ಗೇಣು ಮಣ್ಣು, ಅಷ್ಟೇ.
ಗಾಣದೆತ್ತಿನಂತೆ ಸುತ್ತುತ್ತಾನೆ ಅವನು,
ಆದರೆ ಹಿಮ್ಮುಖವಾಗಿ.

ಮದುವೆಯ ಹೊಸತರಲ್ಲಿ ಚೀಟಿ ಬರೆದಿಡುತ್ತಿದ್ದೆ:
ಉಪ್ಪು, ಸೀಮೆಎಣ್ಣೆ, ಸಂಜೆ ಆರಕ್ಕೆ ಬಾ.
ಚೀಟಿ ಅಲ್ಲೇ ಇರುತ್ತಿತ್ತು. ಅವನು ಏಳಕ್ಕೆ ಬರುತ್ತಿದ್ದ,
ಉಪ್ಪಿಲ್ಲದೆ.
ಬರಬರುತ್ತಾ ತಿಳಿಯಿತು: ಖಾಲಿ ಡಬ್ಬಿಯನ್ನು
ಅವನ ಬಲಗಾಲಿನ ಬೂಟಿನೊಳಗಿಟ್ಟರೆ ಉಪ್ಪು ಬರುತ್ತದೆ.
ಆರು ಗಂಟೆಯನ್ನು ಯಾವ ಬೂಟಿನಲ್ಲಿಡುವುದೋ
ಇಂದಿಗೂ ಹೊಳೆದಿಲ್ಲ.

ಒಮ್ಮೆ ಪಂದ್ಯ ಕಟ್ಟಿದೆವು, ಗಿರಾಕಿಯ ಎದುರಿಗೇ.
ಎಷ್ಟು ಲೀಟರು ಹಿಡಿಯುತ್ತದೆ ಇದು?
ಅವನು ಗುಡಾಣಕ್ಕೆ ಎದೆಯಾನಿಸಿ ನಿಂತು "ಎಂಟುನೂರು" ಎಂದ.
ನಾನು ದಾರ ಸುತ್ತಿ, ಪೈ ಹಾಕಿ, ಏಳುನೂರ ನಲವತ್ತೆಂದೆ.
ಬಕೆಟಿನಲ್ಲಿ ಅಳೆದು ಸುರಿದರು. ನನ್ನದೇ ಸರಿ.
ಗಿರಾಕಿ ನಕ್ಕ. ನಾನು ಸ್ವಲ್ಪ ಹೆಚ್ಚೇ ನಕ್ಕೆ,
"ಕೈಗೆ ಕಣ್ಣಿದೆ ಅಂತೀಯಲ್ಲ, ಅದಕ್ಕೊಂದು ಕನ್ನಡಕ ಹಾಕಿಸು!"
ಕುಂಬಾರನಿಗೆ ವರುಷ; ನನ್ನ ನಾಲಿಗೆಗೆ ನಿಮಿಷ.
ನಾಲ್ಕು ರಾತ್ರಿ ಶೆಡ್ಡಿನಲ್ಲೇ ಮಲಗಿದ.

ಮಗಳು ಖಾತಿಯಾಗೆ ಒಂಬತ್ತು ತುಂಬಿದರೂ ಓದು ಹತ್ತಲಿಲ್ಲ.
ಊರ ಮಕ್ಕಳಿಗೆಲ್ಲ ಕಲಿಸುವ ಲಾಮಾರಾ ಟೀಚರಿನ ಮಗಳು!
ದೀಪದ ಬುಡದಲ್ಲೇ ಕತ್ತಲು ಎಂದರು ಮಂದಿ.
ದಿನಾ ಸಂಜೆ ಕೂರಿಸಿದೆ. ಅನಿ, ಬನಿ, ಗನಿ.
ಮೆಲ್ಲಗೆ ಹೇಳಿದೆ, ಜೋರಾಗಿ ಹೇಳಿದೆ,
ಒಂದು ಸಲ ಪುಸ್ತಕ ಎಸೆದೆ. ಅದು ಅವಳಿಗೆ ತಗುಲಲಿಲ್ಲ
ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.
ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವಳು ಓದತೊಡಗಿದಳು.
ನನ್ನ ತಾಳ್ಮೆಯ ಫಲ ಎಂದುಕೊಂಡೆ.
ಹದಿನೆಂಟು ವರ್ಷ ಹಾಗೇ ಅಂದುಕೊಂಡಿದ್ದೆ.

ಮೊನ್ನೆ ಕುತಾಯಿಸಿಯಿಂದ ಬಂದವಳು ಈರುಳ್ಳಿ ಹೆಚ್ಚುತ್ತಾ
ಹೇಳಿದಳು, ಯಾವುದೋ ಹಳೆಯ ತಮಾಷೆಯೆಂಬಂತೆ:
ಅಪ್ಪ ಅವಳನ್ನೆತ್ತಿ ಅರ್ಧ ಬೆಳೆದ ಗುಡಾಣದೊಳಗೆ ಇಳಿಸುತ್ತಿದ್ದನಂತೆ.
ಹಸಿ ಗೋಡೆಗೆ ಅವಳ ಬೆರಳು ಒತ್ತಿಸಿ
ದಿನಕ್ಕೊಂದು ಗೇಣು, ಗೇಣಿಗೊಂದು ಹಿಡಿ ಅಕ್ಷರ.
ಗೋಡೆ ಏರಿದ ಹಾಗೆ ಮೂವತ್ತಮೂರೂ.
ಕಣ್ಣು ಮುಚ್ಚಿ, ತಡವಿ ತಡವಿ ಓದುತ್ತಿದ್ದಳಂತೆ.
ಕೊನೆಗೆ ಒದ್ದೆ ಅಂಗೈಯಿಂದ ಅವನೇ ಎಲ್ಲ ಸವರಿಹಾಕಿದ.
ಒಳಮೈ ನಯವಾಗಿರಬೇಕು, ಇಲ್ಲದಿದ್ದರೆ ರಸ ಕೆಡುತ್ತದೆ.
ಆ ಗುಡಾಣ ಮಾರಿಹೋಯಿತು. ಯಾರದೋ ನೆಲದಡಿ ಇದೆ.

"ನನಗೇಕೆ ಹೇಳಲಿಲ್ಲ?" ರಾತ್ರಿ ಕೇಳಿದೆ.
"ಅದು... ನೀನು..." ಎಂದ. ಕೈ ಎತ್ತಿದ.
ಈ ಸಲ ಕೈಯೂ ವಾಕ್ಯ ಮುಗಿಸಲಿಲ್ಲ.

ಸಿಟ್ಟು ಬಂತು. ಬಂದದ್ದು ಸಿಟ್ಟೇ ಹೌದೋ ಅಲ್ಲವೋ,
ಅದರ ಸುತ್ತಳತೆ ನನ್ನ ದಾರಕ್ಕೆ ಸಿಗಲಿಲ್ಲ.

ಇಂದು ಆವಿಗೆ ಬಿಚ್ಚಿದ ದಿನ. ಏಳರಲ್ಲಿ ಆರು ಗಟ್ಟಿ.
ಏಳನೆಯದರ ಮೈಗೆ ಬೆರಳ ಗೆಣ್ಣಿನಿಂದ ಬಡಿದ,
ನನ್ನ ಕೈ ಹಿಡಿದು ನನ್ನಿಂದಲೂ ಬಡಿಸಿದ.
"ಬಿರುಕು. ಕೇಳಿತಾ?"
ಆರನೆಯದಕ್ಕೆ ಕರೆದೊಯ್ದು ಮತ್ತೆ ಬಡಿಸಿದ.
ಎರಡೂ ನನಗೆ ಗುಡಾಣ ಬಡಿದ ಹಾಗೇ ಕೇಳಿದವು.
ಹೂಂ ಎನ್ನಬಹುದಿತ್ತು.
"ಇಲ್ಲ," ಎಂದೆ, "ನನಗೆ ಗೊತ್ತಾಗಲಿಲ್ಲ."
ಮೂವತ್ತೆಂಟು ವರ್ಷದಲ್ಲಿ ಅವನಿಗೆ ಈ ಮಾತು
ಹೇಳಿದ್ದು ಇದೇ ಮೊದಲಿರಬೇಕು.

ಅವನು ಗಡ್ಡ ಕೆರೆದುಕೊಂಡ. ಜೇಬಿನಿಂದ ಪೆನ್ಸಿಲ್ ತೆಗೆದ
(ಅವನ ಜೇಬಿನಲ್ಲಿ ಪೆನ್ಸಿಲ್!).
"ಬರೆದುಕೋ," ಎಂದ. "ಆಮೇಲೆ ಮತ್ತೆ ಬಡಿಯೋಣ."

ಚೀಟಿಯಲ್ಲಿ ಬರೆದೆ: ಏಳನೆಯದು. ಸದ್ದು,
ಎಂದು ಬರೆದು
ಅಲ್ಲೇ ನಿಂತಿದ್ದೇನೆ.