ಲಕೋಟೆಯ ಒಳಮೈ

ಹಾರ್ಲಿಂಗನ್ ಊರಿನ ಅಂಚೆಯವಳು ನಾನು.
ಕಡಲಕಟ್ಟೆ ಬದಿಯ ಹದಿನೇಳು ಬೀದಿ, ಒಂದು ಸೈಕಲ್ಲು,
ಮುಂದೊಂದು ಚೀಲ, ಹಿಂದೊಂದು ಚೀಲ.
ಬಾಗಿಲ ಸೀಳುಬಾಯಿಗೆ ಕಾಗದ ತುರುಕುವುದಷ್ಟೇ ಕಸುಬು;
ಒಳಗೇನಿದೆ ಎಂದು ಕೇಳುವುದಲ್ಲ.

ಮೂವತ್ತೊಂದನೇ ಮನೆಯ ಹಿಸ್ಕೆ
ಲಕೋಟೆ ಹರಿಯುವವಳಲ್ಲ.
ಮೀನಿನ ಹೊಟ್ಟೆ ಸೀಳಿದ ಹಾಗೆ, ಸಣ್ಣ ಚಾಕು, ಒಂದೇ ಎಳೆತ.
ಪತ್ರ ಪಕ್ಕಕ್ಕಿಟ್ಟು
ಲಕೋಟೆಯ ಒಳಮೈ ಕಿಟಕಿಗೆ ಹಿಡಿಯುತ್ತಾಳೆ.

ನೋಡಿದ್ದೀರಾ ನೀವು ಎಂದಾದರೂ, ಅಲ್ಲಿ?
ಪರರ ಕಣ್ಣು ಓದದಿರಲೆಂದು ಒತ್ತಿದ ಅಚ್ಚು:
ಬ್ಯಾಂಕಿನದು ಬೂದು ಹೆಣಿಗೆ, ವಿಮೆಯವರದು ಜೇನುಹಟ್ಟಿ,
ತೆರಿಗೆಯ ನೀಲಿಯೊಳಗೆ ಇನ್ನೊಂದು ನೀಲಿ.
ನೀರಿನ ಬಿಲ್ಲಿಗೆ ಪುಟ್ಟ ಪುಟ್ಟ ಅಲೆ!
ಯಾರಿಗೆ ಹೊಳೆಯಿತೋ, ಪುಣ್ಯಾತ್ಮರಿಗೆ.

ಬೆರಳಗಲದ ಪಟ್ಟಿ. ಉದ್ದಕ್ಕೆ ಒಂದು ಮಡಿಕೆ.
ಉಗುರಿನಿಂದ ಒಂದು ಗೀರು.
ಕಾರ್ಡಿನ ಎದೆಯಲ್ಲಿ ಪೇರುಹಣ್ಣಿನ ಆಕಾರದ ಕಿಂಡಿ ಕೊರೆದು
ಕವುಚಿಹಾಕಿ, ಬೆನ್ನಿಂದ ತುಂಬುತ್ತ ಹೋಗುತ್ತಾಳೆ.
ನಾಲ್ಕು ಕಡೆಯಿಂದ ನಾಲ್ಕು, ಮಡಿಕೆಯಂಚು ನಡುವಿಗೆ;
ಮತ್ತೆ ನಾಲ್ಕು, ಕೂದಲೆಳೆಯಷ್ಟು ಒಳಕ್ಕೆ;
ಮತ್ತೆ.
ಕಿಂಡಿ ಕಿರಿದಾಗುತ್ತದೆ, ತೂಕಡಿಸುವ ಕಣ್ಣು.

ಎದುರು ಕೂತ ನನಗೆ ಕಾಣುವುದು ಬರೀ ಅಂಟುಪಟ್ಟಿ,
ಪೆನ್ಸಿಲ್ ಅಂಕಿ, ಒಂದರ ಮೇಲೊಂದು ಬಿದ್ದ ಚೂರು.
“ಚೆಂದವೋ ಅಲ್ಲವೋ, ತಿರುವಿಹಾಕುವ ತನಕ
ನನಗೂ ಗೊತ್ತಿಲ್ಲ,” ಅನ್ನುತ್ತಾಳೆ.
ಕಾಫಿಗೆ ಒಂದು ಬಿಸ್ಕತ್ತು. ಆಮೇಲೆ ಡಬ್ಬಿಗೆ ಮುಚ್ಚಳ.

ಆ ನವೆಂಬರಿನ ಬಿರುಗಾಳಿಗೆ ಸೈಕಲ್ ಸಮೇತ ಉರುಳಿದ್ದೆ.
ಹಿಂದಿನ ಚೀಲದ ಅಸ್ತರಿನೊಳಗೆ ಜಾರಿದ ಒಂದು ಕಂತೆ
ಕೈಗೆ ಸಿಕ್ಕಿದ್ದು ನಾಲ್ಕನೇ ದಿನ.
ಅದರಲ್ಲಿ ಒಂದು ಆಸ್ಪತ್ರೆಯದು, ಹಿಸ್ಕೆಯ ಗಂಡ ವೊಬ್ಬೆಯ ಹೆಸರಿಗೆ.
ಮೂಲೆ ನೆನೆದು ಒಳಗಿನ ಹಸಿರು ಹೊರಕ್ಕೆ ಒಸರಿತ್ತು.
ಸೀಳುಬಾಯಿಗೆ ತಳ್ಳಿ
ತಿರುಗಿ ನೋಡದೆ ಪೆಡಲು ತುಳಿದೆ.

ಒಳಗಿದ್ದ ತಾರೀಕು ದಾಟಿತ್ತೋ, ಇಲ್ಲವೋ.
ಫೆಬ್ರವರಿಯಲ್ಲಿ ವೊಬ್ಬೆ ಹೋದ.
ಬೂದು ಅಂಚಿನ ನೂರಹನ್ನೆರಡು ಲಕೋಟೆಗಳಲ್ಲಿ
ನನ್ನ ಬೀದಿಗಳ ಪಾಲನ್ನು ನಾನೇ ಹಂಚಿದೆ.
ಅವಳು ಕೇಳಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಅವಳ ಬಚ್ಚಲಿನ ಗೋಡೆಗೆ ಹುಟ್ಟುಹಬ್ಬದ ಕ್ಯಾಲೆಂಡರು.
ಮೇ ಒಂಬತ್ತಕ್ಕೆ ನನ್ನ ಹೆಸರಿತ್ತಂತೆ, ನಾನು ಗಮನಿಸಿರಲಿಲ್ಲ.
ಈ ವರ್ಷ ಬೆಳಗಿನ ಕಾಗದ ವಿಂಗಡಿಸುವಾಗ
ರೆನ್ಸ್ಕೆಗೆ, ಎಂದೊಂದು.
ನನಗೆ ನಾನೇ ತಲುಪಿಸಿಕೊಳ್ಳಬೇಕಾದ ಅಂಚೆ.

ಪೇರುಹಣ್ಣು. ಹೊರಸುತ್ತು ತೆರಿಗೆಯ ನೀಲಿ,
ಆಮೇಲೆ ಜೇನುಹಟ್ಟಿ, ಹೆಣಿಗೆ, ಅಲೆಗಳು:
ನಾನು ತಂದದ್ದೇ ಎಲ್ಲ, ಒಂದೊಂದೂ, ಮಳೆಯಲ್ಲಿ, ಮಂಜಲ್ಲಿ.
ನಟ್ಟನಡುವೆ, ಕಿರುಬೆರಳ ಉಗುರಿಗಿಂತ ಚಿಕ್ಕದು,
ಅಂಚು ಕದಡಿದ ಒಂದು ಹಸಿರು.

ನಿಂತೇ ಇದ್ದೆ. ಪಕ್ಕದ ಯೋರಿಟ್ ಕೇಳಿದ, ಏನಾಯಿತೆಂದು.

ಕಾರ್ಡು ಬಿಡಿಸಿದರೆ ಒಳಗೆ ಎರಡೇ ಸಾಲು:
ನಲವತ್ತೊಂಬತ್ತಾಯಿತು ನಿನಗೆ, ಅಭಿನಂದನೆ.
ಗಾಳಿ ಜೋರಿದೆ, ಟೊಪ್ಪಿಗೆ ಹಾಕಿಕೋ.
ಮುಂಭಾಗದ ಬೆನ್ನಿಗೆ ಬಿಳಿ ಹಾಳೆ ಅಂಟಿಸಿ ಮುಚ್ಚಿದ್ದಾಳೆ.
ಕೆರೆದರೆ ಅಂಕಿಗಳು ಸಿಕ್ಕಾವು, ಯಾವುದು ಮೊದಲು, ಯಾವುದು ಕೊನೆ.
ಕೆರೆದಿಲ್ಲ.

ಮರುದಿನ ಮೂವತ್ತೊಂದಕ್ಕೆ ಗ್ಯಾಸಿನ ಬಿಲ್ಲು.
ಅರ್ಧ ತಳ್ಳಿದ್ದೆ, ಒಳಗಿನಿಂದ ಯಾರೋ ಹಿಡಿದರು.
ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ, ಒಂದು ಗಳಿಗೆ.
“ರೆನ್ಸ್ಕೆ, ಹಸಿರು ಮುಗಿಯಿತು.
ಎಲ್ಲಾದರೂ ಸಿಕ್ಕಿದರೆ ತಂದುಕೊಡು.”

ಮೊಣಕಾಲೂರಿ, ಸೀಳುಬಾಯಿಗೆ ಬಾಯಿ ಹಚ್ಚಿ
ಹೂಂ ಅಂದೆ.