ಮೂಗಿಲ್ಲದ ದೋಣಿ

ಮೂರು ಕಡೆ ನೀರು, ಒಂದು ಕಡೆ ನೆಲ:
ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೆ,
ನಿಂತು ನೋಡಿದ್ದಿಲ್ಲ.
ಫೆಬ್ರುವರಿಯ ಎರಡನೇ ಶನಿವಾರ
ಅಕ್ಕನ ಮಗನ ಹಳದಿ ಕಯಾಕನ್ನು
ಟಂಟಂ ನೆತ್ತಿಗೆ ಬಿಗಿಸಿಕೊಂಡು
ಗಿಣಿಗೇರಿಯ ಹೊಗೆ ದಾಟಿ, ಮುನಿರಾಬಾದಿನ ಆಚೆ
ಹಿನ್ನೀರು ಮುಟ್ಟಿದಾಗ ಏಳೂಕಾಲು.

ಎಮ್ಮೆ ತನ್ನ ಮೂಗು ನೆಕ್ಕಲು ಚಾಚಿದ ಹಾಗೆ
ನೀರಿನೊಳಕ್ಕೆ ಚಾಚಿತ್ತು ನೆಲ,
ಬೂದು, ಒರಟು, ತುದಿಯಲ್ಲಿ ತುಸು ಒದ್ದೆ.

ಅಂಬಿಗೇರ ಯಮನೂರವ್ವ ಬಲೆ ಬಿಡಿಸುತ್ತ ಕೂತಿದ್ದಳು,
ಪಕ್ಕದಲ್ಲಿ ಬೋರಲು ಹಾಕಿದ ಹರಗೋಲು.
ನನ್ನ ದೋಣಿಯ ಸುತ್ತ ಒಂದು ಸುತ್ತು ಬಂದು
ಬೆರಳ ಗೆಣ್ಣಿನಿಂದ ಬಡಿದಳು, ಸಂತೆಯಲ್ಲಿ ಗಡಿಗೆ ಕೊಳ್ಳುವವಳಂತೆ.
"ಅಕ್ಕೋರ, ಇದಕ್ಕ ಮೂಗೈತಿ.
ಮೂಗಿದ್ದದ್ದು ಒಂದ ಕಡೆ ನೋಡ್ತೈತಿ.
ನಮ್ದಕ್ಕ ಮೂಗಿಲ್ಲ, ಬೆನ್ನಿಲ್ಲ,
ಯಾ ಕಡೆ ಹೊಂಟ್ರೂ ಅದಕ್ಕ ಅದ ಮುಂದ."

ಮೊದಲು ನಡಿಗೆ. ಅವಳೂ ಬಂದಳು, ಕೇಳದೆ.
ಕುತ್ತಿಗೆ ಅಳೆದೆ: ಈ ನೀರಿನಿಂದ ಆ ನೀರಿಗೆ ಹದಿನೆಂಟು ಹೆಜ್ಜೆ.
ಎಡಗೈ ಅದ್ದಿದರೆ ಬೆಚ್ಚಗೆ, ಬಲಗೈ ಅದ್ದಿದರೆ ತಣ್ಣಗೆ,
ನೀರು ಒಂದೇ.
ಎರೆಮಣ್ಣಿನ ಬಿರುಕುಗಳಲ್ಲಿ ಕಪ್ಪೆಚಿಪ್ಪು,
ಇಳಿದ ನೀರಿನ ಬೆನ್ನಿಗೇ ಯಾರೋ ಬಿತ್ತಿದ ಕಡಲೆ ಗೇಣುದ್ದ,
ಅದನ್ನು ತರಿಯುತ್ತ ಪಟ್ಟೆತಲೆಯ ಹೆಬ್ಬಾತುಗಳು, ಒಂದು ನೂರಾದರೂ.
"ಹಿಮಾಲಯ ಹಾರಿ ಬರ್ತಾವೆ, ಗೊತ್ತಾ? ಈ ಕಡಲೆಗಾಗಿ!" ಎಂದೆ
ಪಾಠದ ದನಿಯಲ್ಲಿ.
"ಮತ್ತ? ನೀವು ಎದಕ್ಕ ಬಂದೀರಿ?"

ಮಧ್ಯಾಹ್ನ, ಖಡಕ್ ರೊಟ್ಟಿ ಮುಗಿದ ಮೇಲೆ, ಕಯಾಕು.
ದಂಡೆ ಹಿಡಿದು ಹೋಗುವಷ್ಟು ಹೊತ್ತು ನಾನು ಜಾಣೆ.
ಕೆಳಗೆ ಸಾಲು ಹಿಡಿದ ಕಲ್ಲುಗಳು ಕಂಡವು,
ಗೋಡೆಯೋ ಬದುವೋ, ನಿಂತು ಕೇಳಲಾಗಲಿಲ್ಲ,
ತುದಿಯಲ್ಲಿ ಪಡುವಣ ಗಾಳಿ ಕಾದಿತ್ತು.
ಎರಡು ಕಡೆಯ ಅಲೆ ಬಂದು ಹಾಯ್ದು
ದೋಣಿಯ ಮೂಗು ಸಂಡೂರಿನ ಗುಡ್ಡದ ಕಡೆಗೇ ತಿರುಗಿ
ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿಯಿತು.
ಹೊಟ್ಟೆಯೊಳಗಿನ ರೊಟ್ಟಿ ನನಗಿಂತ ಮೊದಲು ಹೆದರಿತು.
ದಂಡೆಯಿಂದ ಅವಳ ಕೂಗು:
"ಹೊಡೀಬ್ಯಾಡ್ರಿ! ಸುಮ್ನ ಕುಂದರ್ರಿ!"
ಕುಳಿತೆ.
ಗಾಳಿಯೇ ತಿರುಗಿಸಿತು, ಬೇಸರ ಬಂದ ಮೇಲೆ.

ಹಾಗೆ ನಡೆದರೆ ಹದಿನೆಂಟು ಹೆಜ್ಜೆಯ ದಾರಿಯನ್ನು
ಎರಡು ತಾಸು ಹುಟ್ಟು ಹಾಕಿ ಮುಗಿಸಿದೆ.
ತೋಳು ನಡುಗುತ್ತಿದ್ದವು. ಅವಳು ಎಲೆಯಡಿಕೆ ಮಡಿಚಿ ಕೊಟ್ಟು ಕೇಳಿದಳು:
"ಇದಕ್ಕ ನಿಮ್ಮ ಪುಸ್ತಕದಾಗ ಏನಂತಾರ?"
"ಪರ್ಯಾಯ ದ್ವೀಪ."
"ಶ್ರಾವಣಕ್ಕ ಈ ಕುತಿಗಿ ಮುಳಗತೈತಿ. ಆವಾಗ?"
"ದ್ವೀಪ."
"ಭಾದ್ರಪದಕ್ಕ ಪೂರಾ ಮುಳುಗಿದ್ರ?"
ಅಡಿಕೆ ಅಗಿದೆ. ಪದ ಬರಲಿಲ್ಲ.
"ನಾವು ನಾಲಿಗಿ ಅಂತೀವ್ರಿ, ಯಾವಾಗ್ಲೂ.
ಬಾಯಾಗ ಇಟಗೊಂಡ್ರೂ ನಾಲಿಗಿ ನಾಲಿಗೀನ ಅಲ್ಲೇನು?"

ಆಮೇಲೆ, ಸೀರೆ ಮೊಣಕಾಲಿಗೆ ಸಿಕ್ಕಿಸಿ,
"ನಾ ಒಂದ್ ಸರ್ತಿ" ಎಂದಳು.
ಎರಡು ತಲೆಯ ಹುಟ್ಟಿನಲ್ಲಿ ಒಂದನ್ನೇ ನಂಬಿ ಬೀಸಿದಳು,
ನೆಟ್ಟಗೆ ಹೋಗಲೆಂದೇ ಹುಟ್ಟಿದ ಆ ಹಳದಿ ಪ್ಲಾಸ್ಟಿಕ್ಕು
ಗರಗರ ತಿರುಗಿತು, ತಿರುಗುತ್ತಲೇ ಮುಂದೆ ಸಾಗಿತು,
ಅವಳ ನಗುವೂ.

ಅವಳ ಹರಗೋಲು ನನ್ನ ಪಾಲಿಗೆ ಬಂತು:
ಆಚೆ ದಂಡೆಗೆ ಒಯ್ದು ಇಡಬೇಕಂತೆ.
ಆಮೆಯ ಹಾಗೆ ಹೊತ್ತು ಹೊರಟೆ.
ಒಳಗೆ ಟಾರು, ಮೀನು, ನನ್ನದೇ ಉಸಿರಿನ ಎಲೆಯಡಿಕೆ.
ಆಕಾಶವಿಲ್ಲ, ಗುಡ್ಡವಿಲ್ಲ, ನೀರು ಎತ್ತಲೋ,
ಕಂಡದ್ದು ಎರಡು ಪಾದ, ಅವುಗಳ ಸುತ್ತ
ಒಂದು ಗಂಗಾಳದಷ್ಟು ನೆಲ,
ಅದರಲ್ಲೊಂದು ಹೆಬ್ಬಾತಿನ ಹಸಿ ಹೆಜ್ಜೆ.

ಹದಿನೆಂಟು ಎಣಿಸಿದೆ.
ಇನ್ನೂ ನೆಲವೇ ಇತ್ತು.
ಹತ್ತೊಂಬತ್ತು ಎಂದೆ, ಇಪ್ಪತ್ತು,
ಎಲ್ಲೋ ಎಡಕ್ಕೆ ಅವಳ ನಗು ಕೇಳಿಸಿತು,
ಆಮೇಲೆ ಬಲಕ್ಕೆ.