ಐದನೆಯ ಕಲಮು

ಫೆಸ್ಟಸ್ ಕೊಯ್ನ್ ಕರಾರು ಬರೆದದ್ದು
ಹಿಂಡಿ ಅಂಗಡಿಯ ರಸೀದಿಯ ಬೆನ್ನಿಗೆ.
ಮುಂಚೆ ಅಂಗೈಗೆ ಉಗುಳಿ ಕೈ ಕುಲುಕಿದರೆ ಆಯಿತು.
ನಮ್ಮಪ್ಪನೂ ಅವನಪ್ಪನೂ ಹಾಗೇ ಮುಗಿಸಿದ್ದರು,
ಕ್ಲಿಫ್ಡನ್ ಪೇಟೆಯ ಒಂದು ಪಡಸಾಲೆಯಲ್ಲಿ.
ಒಬ್ಬ ಅಂದದ್ದು ಇಪ್ಪತ್ತು ಪೌಂಡು,
ಇನ್ನೊಬ್ಬನ ಕಿವಿಗೆ ಬಿದ್ದದ್ದು ಹದಿನೈದು;
ಏಳು ವರ್ಷ ಎರಡು ಮನೆಗೂ ಮಾತಿಲ್ಲ.
ಅದಕ್ಕೇ ಈ ಕಾಗದ.

ಒಂದು: ಹೆಣ್ಣುಕುದುರೆಯ ಒಡತಿ ಡೀಲಿಯಾ ಮ್ಯಾನಿಯನ್,
ಅಂದರೆ ನಾನು, ನೂರು ಯೂರೋ ಈಗ,
ಇನ್ನೂರೈವತ್ತು ಆಮೇಲೆ ಕೊಡತಕ್ಕದ್ದು.
ಎರಡು: ಹಿಂಗಾಲಿನ ಲಾಳ ಕಿತ್ತೇ ತರತಕ್ಕದ್ದು.
(ಹೋದ ವರ್ಷ ಯಾರದೋ ಕುದುರೆ ಒದ್ದ ಗುರುತು
ಅವನ ಬೂದನ ಎದೆಯ ಮೇಲಿದೆ.)
ಮೂರು: ಹೆಣ್ಣಿಗೆ ರೋಗವಿಲ್ಲವೆಂದು ಡಾಕ್ಟರ ಚೀಟಿ.
ಗಂಡಿಗೇಕೆ ಬೇಡ? ಕೇಳಿದೆ.
ಫೆಸ್ಟಸ್ ಕೆಮ್ಮಿದ. ಮೂರಕ್ಕೆ ಒಂದು ಸಾಲು ಸೇರಿತು.
ನಾಲ್ಕು ಮೇವಿನ ಲೆಕ್ಕ, ಅದು ಬಿಡಿ.
ಐದು: ಮರಿ ಎದ್ದು ನಿಂತು ತಾಯ ಮೊಲೆಗೆ ಬಾಯಿಟ್ಟರೆ
ಜೀವಂತ ಮರಿ ಎಂದೇ ಲೆಕ್ಕ, ಬಾಕಿ ಸಲ್ಲತಕ್ಕದ್ದು.
ನಿಲ್ಲದಿದ್ದರೆ ಬಾಕಿಯಿಲ್ಲ,
ಮುಂದಿನ ಬೇಸಿಗೆ ಬೂದ ಬಿಟ್ಟಿ.

ನಿಲ್ಲುವುದು ಅಂದರೆ ಎಷ್ಟು ಹೊತ್ತು?
ಪೆನ್ನಿನ ತುದಿ ಕಚ್ಚಿ ಕಿಟಕಿಯಾಚೆ ನೋಡಿದ.
ಕಲ್ಲುಗೋಡೆ, ಅದರಾಚೆ ಜೌಗು, ಅದರಾಚೆ ಕಡಲು.
"ನಿಲ್ಲುವುದು ಅಂದರೆ ನಿಲ್ಲುವುದು, ಡೀಲಿಯಾ."

ನನ್ನ ಡಿಲಿಸ್ಕ್ (ಕಡಲ ಪಾಚಿಯ ಹೆಸರು, ಅದೇ ಬಣ್ಣ)
ಮೊದಲು ಒದ್ದಳು, ಕಿರುಚಿದಳು,
ಆಮೇಲೆ ಬಾಲ ಓರೆಮಾಡಿ ನಿಂತಳು.
ಅವಳಿಗೆ ಯಾರೂ ಕಾಗದ ಓದಿ ಹೇಳಿರಲಿಲ್ಲ.
ಅವಳ ಹಗ್ಗ ನನ್ನ ಕೈಲಿ, ಬೂದನ ಹಗ್ಗ ಫೆಸ್ಟಸನ ಕೈಲಿ;
ಇಬ್ಬರೂ ಬೇರೆ ಬೇರೆ ಗುಡ್ಡ ನೋಡುತ್ತ
ಉಣ್ಣೆಗೆ ಈ ವರ್ಷ ರೇಟೇ ಇಲ್ಲವೆಂದು ಮಾತಾಡಿದೆವು.

ಹದಿನೆಂಟನೆಯ ದಿನ ಡಾಕ್ಟರು ಯಂತ್ರದಲ್ಲಿ ತೋರಿಸಿದರು:
ಮಬ್ಬಿನೊಳಗೊಂದು ಕಪ್ಪು ಬಟಾಣಿ.
ಗಬ್ಬ ನಿಂತಿತ್ತು.

ಹನ್ನೊಂದು ತಿಂಗಳು.
ಹುಲ್ಲು ಹೊತ್ತೆ, ನೀರಿನ ಮೇಲಿನ ಮಂಜುಗಡ್ಡೆ ಒಡೆದೆ,
ಅವಳ ಹೊಟ್ಟೆಗೆ ಕಿವಿಯಿಟ್ಟೆ, ಬೈಸಿಕೊಂಡೆ,
ಏಪ್ರಿಲ್ಲಿನ ಒಂದು ರಾತ್ರಿ ಎರಡೂಮುಕ್ಕಾಲಿಗೆ ಈದಳು.
ಮರಿ ಇದ್ದಿಲಿನಷ್ಟು ಕಪ್ಪು. ಬೂದುಗುದುರೆಯ ಮಕ್ಕಳು
ಹುಟ್ಟುವುದು ಕಪ್ಪಾಗಿಯೇ,
ಬೆಳೆಯುತ್ತ ಬೆಳೆಯುತ್ತ ಅಪ್ಪನಾಗುತ್ತವೆ.

ನಾಲ್ಕು ಕಾಲು ನಾಲ್ಕು ದಿಕ್ಕಿಗೆ.
ಬಿತ್ತು. ಮತ್ತೆ ಬಿತ್ತು.
ಗೋಡೆಗೊರಗಿ ಎದ್ದು, ಗೋಡೆಯನ್ನೇ ಚೀಪಿತು, ಪೆದ್ದು,
ತಿರುಗಿ, ಮೊಲೆ ಹುಡುಕಿ,
ಮೂರು ಗುಟುಕು. ನಾಲ್ಕೂ ಇರಬಹುದು.
ಸದ್ದು ಕೇಳಿದೆ ನಾನು.
ಆಮೇಲೆ ಮಡಿಚಿಟ್ಟ ಬಟ್ಟೆಯ ಹಾಗೆ ಕೂತಿತು.
ಡಾಕ್ಟರ ಕಾರಿನ ದೀಪ ತಿರುವಿನಲ್ಲಿ ಕಾಣುವ ಹೊತ್ತಿಗೆ
ಉಸಿರು ನಿಂತಿತು.

ಬೆಳಿಗ್ಗೆ ಫೆಸ್ಟಸ್ ಬಂದ, ಟೋಪಿ ಕೈಯಲ್ಲಿ.
ಗೋಣಿ ಮುಚ್ಚಿದ್ದನ್ನು ನೋಡಿದ, ಗೋಡೆ ನೋಡಿದ.
"ನಿಲ್ಲಲಿಲ್ಲ, ಅಲ್ಲವಾ?"
ಪ್ರಶ್ನೆಯಲ್ಲ ಅದು. ಬಾಗಿಲು ತೆರೆದು ಹಿಡಿದು
ಆಚೆ ಮುಖ ಮಾಡಿ ನಿಲ್ಲುತ್ತಾರಲ್ಲ, ಹಾಗೆ.
ಸಾಕ್ಷಿಗೆ ಯಾರಿದ್ದರು? ನಾನು, ಡಿಲಿಸ್ಕ್,
ಬಲ್ಬಿಗೆ ಬಡಿದುಕೊಳ್ಳುತ್ತಿದ್ದ ಒಂದು ಹುಳ.
ಇನ್ನೂರೈವತ್ತು ಯೂರೋ ಅಂದರೆ
ನನಗೆ ಎರಡು ತಿಂಗಳ ಮೇವು.

ಆದರೆ ಈ ಲೋಕದಲ್ಲಿ ಅದು ಮಾಡಿದ್ದು ಅದೊಂದೇ ಕೆಲಸ.

"ನಿಂತಿತ್ತು," ಅಂದೆ. "ಕುಡಿಯಿತು ಕೂಡ."

ಅಡುಗೆಮನೆಯ ಡಬ್ಬಿಯಿಂದ ಎಣಿಸಿ ಕೊಟ್ಟೆ.
ಬೇಡವೆನ್ನಲಿಲ್ಲ, ಅಷ್ಟು ಮರ್ಯಾದೆ ಅವನಿಗೆ ಗೊತ್ತು.
ಹತ್ತರ ಒಂದು ನೋಟು ನನ್ನ ಕೈಗೇ ಮರಳಿಸಿದ:
ಅದೃಷ್ಟದ ಕಾಸು, ವಾಡಿಕೆಯಂತೆ.
ರಸೀದಿಯ ಮೂಲೆಯಲ್ಲಿ ಸಲ್ಲಿದೆ ಎಂದು ಬರೆದು,
ಸಹಿ ಹಾಕಿ, ಹೋಗದೆ ಅಲ್ಲೇ ಉಳಿದ.
ಮತ್ತೆ ಒಂಬತ್ತನೇ ದಿನಕ್ಕೆ ಅವಳು ಬೆದೆಗೆ ಬರುತ್ತಾಳೆ,
ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಡಿಲಿಸ್ಕ್ ಮೂಲೆಗೆ ಮುಖ ಮಾಡಿದ್ದಳು.
ಕೆಚ್ಚಲಿನಿಂದ ಹಾಲು ಒಣಹುಲ್ಲಿಗೆ
ತೊಟ್ಟಿಕ್ಕುತ್ತಲೇ ಇತ್ತು,
ಇನ್ನೂ ನಿಂತಿರಲಿಲ್ಲ.